ಟಿಕೆಟ್ಟು ಇಟ್ಟ ಪುಟ

ಮೇಡಂ,

ನಂದು ನಂಜನಗೂಡು ತಾಲ್ಲೂಕು ಹೆಮ್ಮರಗಾಲ. ಪ್ರೈಮರಿ ಸ್ಕೂಲ್ ಟೀಚರಾಗಿದ್ದು ರಿಟೈರಾಗಿ ಆರು ವರ್ಷವಾಯಿತು. ನಮ್ಮ ಯಜಮಾನರು ಬಸ್ ಕಂಡಕ್ಟರಾಗಿದ್ದರು. ಅವರು ಹೋಗಿ ಮೂರು ವರ್ಷ. ಬೀಡಿ, ಎಲೆಅಡಿಕೆ ಅಂತ ಯಾವ ಚಟವೂ ಇಲ್ಲದ ಮನುಷ್ಯ, ಪುಸ್ತಕ ಒಂದು ಬಿಟ್ಟು. ಸಂಬಳ ಆದ ವಾರ ಮೈಸೂರಿಗೆ ಡ್ಯೂಟಿ ಬಿತ್ತು ಅಂದರೆ ಎರಡು ಪುಸ್ತಕ ಗ್ಯಾರಂಟಿ. ಮೊದಲ ಪುಟದಲ್ಲಿ ತಾರೀಖು, ಬೆಲೆ, ಆ ದಿನದ ರೂಟು ಬರೆಯುವರು. ಓದು ನಿಲ್ಲಿಸಿದ ಕಡೆ ಒಂದು ಟಿಕೆಟ್ಟು ಸಿಕ್ಕಿಸುವರು. ಹೀಗೇ ಸಾವಿರದ ಮೇಲೆ ಸೇರಿದೆ. ‘ಕುಸುಮಬಾಲೆ’ ಕಾದಂಬರಿಯನ್ನಂತೂ ನಾನು ಓದಲೇ ಇಲ್ಲ, ಅವರು ಗಟ್ಟಿಯಾಗಿ ಓದಿದ್ದನ್ನು ಅಡುಗೆಮನೆಯಿಂದ ಕೇಳಿದೆ. ನಮ್ಮಜ್ಜಿ ಆಡುತ್ತಿದ್ದ ಮಾತು ಬಂದಾಗಲೆಲ್ಲ ನನ್ನನ್ನೇ ಅರ್ಥ ಕೇಳಿ ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದರು.

ಈಗ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಬೇಕು ಅಂತ ಮಗ ಹೊರಟಿದ್ದಾನೆ. ಆಷಾಢ ಕಳೆದ ಮೇಲೆ ಪಾಯ. ಪುಸ್ತಕಗಳನ್ನೆಲ್ಲ ಸಿಮೆಂಟ್ ಚೀಲಕ್ಕೆ ತುಂಬಿ ಕೊಟ್ಟಿಗೆಯಲ್ಲಿ ಇಟ್ಟಿದ್ದೇವೆ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ನನಗೊಂದು ಟ್ಯಾಬ್ ತಂದುಕೊಟ್ಟು, “ಅಮ್ಮ, ನೀನು ಇರೋವರೆಗೂ ಓದಿದ್ರೂ ಮುಗಿಯದಷ್ಟು ಇದರೊಳಗೆ ಹಾಕಿದೀನಿ. ಆ ಮೂಟೆಗಳನ್ನ ಗುಜರಿಯವನಿಗೆ ಕೊಟ್ಟುಬಿಡೋಣ, ಹೊಸ ಮನೇಲಿ ಧೂಳು ಯಾಕೆ” ಅಂದ. ಅವತ್ತು ಅವನ ಜೊತೆ ಮಾತು ಬಿಟ್ಟೆ, ಎರಡು ದಿನ. ಸೊಸೆ ಒಳ್ಳೆಯವಳು, ಬಾಯಿ ಹಾಕಲಿಲ್ಲ. ಮೊಮ್ಮಗಳು ಐದನೇ ಕ್ಲಾಸು, ಕನ್ನಡ ಕೂಡಿಸಿಕೊಂಡು ಓದುತ್ತಾಳೆ.

ಬರೆಯಲಿಕ್ಕೇ ನಾಚಿಕೆ ಮೇಡಂ. ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ಆ ಟ್ಯಾಬಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಸಂಕ್ರಾಂತಿಯಿಂದ ಈಚೆಗೆ ತ್ರಿವೇಣಿಯವರ ಆರು ಕಾದಂಬರಿ ಓದಿದೆ. ಯಜಮಾನರು ತಂದ ಪುಸ್ತಕಗಳ ಒಂದು ಮೂಟೆಯನ್ನೂ ಬಿಚ್ಚಿಲ್ಲ. ಅವರಿಗೆ ದ್ರೋಹ ಮಾಡಿದೆನಾ ಅನ್ನಿಸಿ ರಾತ್ರಿ ನಿದ್ದೆ ಹತ್ತಲ್ಲ. ಗುಜರಿಗೆ ಹಾಕಲಾರೆ. ಇಟ್ಟುಕೊಂಡರೆ ನನ್ನ ಕಾಲ ಆದ ಮೇಲೆ ನೋಡುವವರು ಯಾರು? ನಮ್ಮ ಅತ್ತೆಯವರ ಟ್ರಂಕಿನಲ್ಲೂ ರಟ್ಟು ಕಿತ್ತುಹೋದ ಹಳೇ ಪುಸ್ತಕ ಒಂದಷ್ಟಿವೆ, ಅವರ ತಾಯಿ ಕಾಲದ್ದಂತೆ, ಅತ್ತೆಯ ತವರು ನಂಜನಗೂಡು. ಅದಕ್ಕೂ ಏನು ಮಾಡಬೇಕೋ ತಿಳಿಯದು. ದಯವಿಟ್ಟು ಹೆಸರು ಹಾಕಬೇಡಿ.

*

ಟೀಚರಮ್ಮ, ನಮಸ್ಕಾರ.

ಮಗನ ಮೇಲೆ ಕೋಪ, ಮನೆ ಕೆಡವುವ ಸಂಕಟ ಎಲ್ಲವನ್ನೂ ಓದಿದೆ. ಆದರೆ ನಾಚಿಕೆಪಟ್ಟುಕೊಂಡು ಬರೆದ ಕೊನೆಯ ನಾಲ್ಕು ಸಾಲಿನಲ್ಲೇ ನಿಮ್ಮ ನಿದ್ದೆ ಕೆಡಿಸಿದ್ದು ಇರುವುದು. ಆದ್ದರಿಂದ ಅಲ್ಲಿಂದಲೇ ಹಿಡಿಯುತ್ತೇನೆ. ಪೊರೆ ತೆಗೆಸಿಕೊಂಡು, ಐದು ತಿಂಗಳಲ್ಲಿ ಆರು ಕಾದಂಬರಿ ಓದಿದ ಹೆಂಗಸು ಯಾರಿಗೂ ದ್ರೋಹ ಮಾಡಿಲ್ಲ. ಸಂಬಳದ ದುಡ್ಡಿನಲ್ಲಿ ಪುಸ್ತಕ ತಂದ ಆ ಮನುಷ್ಯ ಇವತ್ತು ಬಾಗಿಲಲ್ಲಿ ಬಂದು ನಿಂತರೆ ಯಾವುದರಲ್ಲಿ ಓದುತ್ತಿದ್ದೀಯ ಅಂತ ಕೇಳುತ್ತಾರೋ, ಏನು ಓದುತ್ತಿದ್ದೀಯ ಅಂತ ಕೇಳುತ್ತಾರೋ? ಅವರನ್ನು ಬಲ್ಲವರು ನೀವು, ನೀವೇ ಹೇಳಿ.

ನಮ್ಮ ಅಕ್ಷರಗಳ ಕಷ್ಟವೂ ಇದೆ. ಹಳೆಯ ಕಾದಂಬರಿಗಳಲ್ಲಿ ಕಾಗದ ಉಳಿಸಲಿಕ್ಕೆ ಅಚ್ಚು ಸಣ್ಣದು ಮಾಡುತ್ತಿದ್ದರು. ಅದರ ಕೆಳಗೆ ಇನ್ನೂ ಸಣ್ಣ ಒತ್ತಕ್ಷರ. ‘ರಾಷ್ಟ್ರ’ದ ಷಕಾರಕ್ಕೆ ಎರಡು ಒತ್ತು ನೇತುಬಿದ್ದಿರುವುದನ್ನು ಅರವತ್ತು ದಾಟಿದ ಕಣ್ಣು ಊಹೆಯ ಮೇಲೆ ಓದಬೇಕು. ಟ್ಯಾಬಿನಲ್ಲಿ ಬೆರಳು ಹಿಗ್ಗಿಸಿದರೆ ಆಯಿತು. ಪರದೆಯ ಬೆಳಕು ಮಾತ್ರ ಕಮ್ಮಿ ಇಟ್ಟುಕೊಳ್ಳಿ, ಕತ್ತಲೆ ಕೋಣೆಯಲ್ಲಿ ಓದಬೇಡಿ. ಪೊರೆ ತೆಗೆದ ಮೇಲೆ ಹತ್ತಿರದ ಓದಿಗೆ ಸಾಮಾನ್ಯವಾಗಿ ಬೇರೆ ಕನ್ನಡಕ ಬೇಕಾಗುತ್ತದೆ, ಡಾಕ್ಟರಿಗೆ ತೋರಿಸಿ ಬರೆಸಿಕೊಂಡಿರಾ? ಇಲ್ಲವಾದರೆ ಮೊದಲು ಆ ಕೆಲಸ. ಅರ್ಧ ದ್ರೋಹ ಅಲ್ಲೇ ಪರಿಹಾರವಾದೀತು, ಮೂಟೆ ಬಿಚ್ಚಲಿಕ್ಕೆ ಮನಸ್ಸೂ ಬಂದೀತು.

ಇನ್ನು ಮಗ ಹಾಕಿಕೊಟ್ಟ ಆ ‘ಮುಗಿಯದಷ್ಟು’ ಪುಸ್ತಕಗಳ ವಿಚಾರ. ಒಂದು ಕಿವಿಮಾತು, ಸ್ವಲ್ಪ ಗದರಿಕೆಯೂ ಅನ್ನಿ. ವಾಟ್ಸಾಪಿನಲ್ಲಿ ಹರಿದಾಡುವ ಪಿಡಿಎಫ್‌ಗಳನ್ನು ಗುಡ್ಡೆ ಹಾಕಿ ತುಂಬಿದ್ದರೆ ಅದರಲ್ಲಿ ಬದುಕಿರುವ ಲೇಖಕರ ಪುಸ್ತಕಗಳೂ ಇರುತ್ತವೆ. ಒಂದು ಮುದ್ರಣಕ್ಕೆ ಸಾವಿರ ಪ್ರತಿ ಹಾಕಿ, ಅದು ಖರ್ಚಾಗಲಿ ಅಂತ ವರ್ಷಗಟ್ಟಲೆ ಕಾಯುವ ಕನ್ನಡದ ಪ್ರಕಾಶಕರ ಹೊಟ್ಟೆಯ ಮೇಲೆ ಅದು ಏಟು. ನೀವು ಓದಿದ ತ್ರಿವೇಣಿಯವರ ಮಾತು ಬೇರೆ. ಅವರು ತೀರಿಕೊಂಡದ್ದು 1963ರಲ್ಲಿ. ನಮ್ಮ ದೇಶದಲ್ಲಿ ಲೇಖಕರು ಕಾಲವಾಗಿ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಹಾಗಾಗಿ 2024ರಿಂದ ಅವರ ಕಾದಂಬರಿಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಹಂಚಬಹುದು. ಆ ಆರು ಕಾದಂಬರಿಯ ಮಟ್ಟಿಗೆ ನೀವು ಹೆದರಬೇಕಿಲ್ಲ. ಉಳಿದದ್ದಕ್ಕೆ ಮೈಲ್ಯಾಂಗ್, ಋತುಮಾನದಂಥ ಕನ್ನಡದವರೇ ಕಟ್ಟಿದ ಆ್ಯಪ್‌ಗಳಿವೆ. ಅಲ್ಲಿ ದುಡ್ಡು ಕೊಟ್ಟು ಕೊಂಡದ್ದಕ್ಕೆ ಅಕ್ಷರವೂ ನೆಟ್ಟಗಿರುತ್ತದೆ. ಪುಟದ ಫೋಟೋ ತೆಗೆದು ಮಾಡಿದ ಪಿಡಿಎಫ್‌ನಲ್ಲಿ ಅಕ್ಷರ ಹಿಗ್ಗಿಸಿದರೆ ಸಾಲು ಪರದೆಯ ಆಚೆ ಹೋಗಿಬಿಡುತ್ತದೆ, ಅನುಭವಿಸಿಯೇ ಇರುತ್ತೀರಿ. ಕಣ್ಣಿಗೆ ತಂಪು ಅಂತ ಯಾರಾದರೂ ಅಮೆಜಾನ್ ಕಂಪನಿಯ ಇ-ಪುಸ್ತಕ ಓದುವ ಯಂತ್ರ ಕಿಂಡಲ್ ಕೊಡಿಸಲಿಕ್ಕೆ ಬಂದರೆ ತಡೆಯಿರಿ. 2016ರಲ್ಲಿ ಅದರ ಪುಸ್ತಕದ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಟ್ಟಿಗೆ ಬಂದವು, ಕನ್ನಡ ಆ ಪಂಕ್ತಿಯಲ್ಲಿ ಇರಲಿಲ್ಲ. ಎಲೆ ಹಾಕದ ಊಟದ ಮನೆಗೆ ನಾವು ಯಾಕೆ ಮುಂಚೆ ಹೋಗಿ ಕೂರಬೇಕು?

ಓದುವುದು ಇಷ್ಟಾಯಿತು. ಇಟ್ಟುಕೊಳ್ಳುವುದು ಬೇರೆಯೇ ಮಾತು. ನಿಮ್ಮ ಮಗ ಎರಡನ್ನೂ ಒಂದೇ ಚೀಲಕ್ಕೆ ಕಟ್ಟಿದ್ದಾನೆ, ನೀವೂ ಅದನ್ನು ಹಾಗೇ ಹೊತ್ತುಕೊಂಡಿದ್ದೀರಿ.

ಕಾಗದದ ಪುಸ್ತಕಕ್ಕೆ ದುಡ್ಡು ಕೊಟ್ಟ ಮೇಲೆ ಅದು ನಿಮ್ಮದು. ಪಕ್ಕದ ಮನೆಯವರಿಗೆ ಕೊಡಿ, ವಾಪಸ್ ಕೇಳಿ ಜಗಳ ಆಡಿ, ಮಾರಿ, ಮಗಳ ಮದುವೆಗೆ ಉಡುಗೊರೆ ಕೊಡಿ, ಯಾರೂ ಬೇಡ ಅನ್ನುವ ಹಾಗಿಲ್ಲ. ಟ್ಯಾಬಿನ ಪುಸ್ತಕಕ್ಕೆ ಕೊಡುವ ದುಡ್ಡು ಬಹುಮಟ್ಟಿಗೆ ಓದಲಿಕ್ಕೆ ಪಡೆಯುವ ಅಪ್ಪಣೆಗೆ ಮಾತ್ರ. 2009ರಲ್ಲಿ ಅಮೆಜಾನ್ ಕಂಪನಿ, ಮಾರಿದವರಿಗೆ ಹಕ್ಕೇ ಇರಲಿಲ್ಲ ಅಂತ, ಜನ ಆಗಲೇ ಕೊಂಡಿದ್ದ ಪುಸ್ತಕವನ್ನು ಅವರ ಕಿಂಡಲ್‌ಗಳ ಒಳಗಿನಿಂದ ರಾತ್ರೋರಾತ್ರಿ ಅಳಿಸಿತು. ದುಡ್ಡು ವಾಪಸ್ ಕೊಟ್ಟಿತು ಅನ್ನಿ. ಆ ಪುಸ್ತಕ ಯಾವುದು ಗೊತ್ತೇ? ಜಾರ್ಜ್ ಆರ್ವೆಲ್‌ನ ‘1984’, ಹಳೆಯ ದಾಖಲೆಗಳನ್ನು ಸರ್ಕಾರವೇ ಸುಟ್ಟು ತಿದ್ದುವ ಕಾದಂಬರಿ! ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಅದರ ಜೊತೆಗೇ ಹೋದವು. ಅಂಗಡಿ ಮುಚ್ಚಿದರೆ ಕೊಂಡವರ ಮನೆಯ ಕಪಾಟು ಖಾಲಿಯಾಗುವ ವ್ಯಾಪಾರವನ್ನು ನಮ್ಮ ಅಜ್ಜಂದಿರು ಕಂಡಿರಲಿಲ್ಲ.

ನನ್ನದೇ ಒಂದು ಹೇಳುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಈ ಅಂಕಣಗಳನ್ನು ಕಂಪ್ಯೂಟರಿನಲ್ಲಿ ಹಳೆಯ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿ ಜೋಪಾನವಾಗಿ ಸಿ.ಡಿ.ಗೆ ಹಾಕಿಸಿದ್ದೆ. ಯುನಿಕೋಡ್ ಇನ್ನೂ ರೂಢಿಗೆ ಬರದ ಕಾಲ. ಹೋದ ವರ್ಷ ತೆರೆದರೆ ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಪ್ರಶ್ನೆಚಿಹ್ನೆಗಳ ಹೋಳಿಗೆ ಹೂರಣ. ಅದನ್ನು ಮತ್ತೆ ಕನ್ನಡ ಮಾಡಲಿಕ್ಕೆ ಬರುತ್ತದಂತೆ, ಗೊತ್ತಿರುವ ಹುಡುಗರಿದ್ದಾರೆ. ಆದರೆ ಅವೇ ಅಂಕಣಗಳನ್ನು ಪತ್ರಿಕೆಯಿಂದ ಕತ್ತರಿಸಿ ನಮ್ಮಮ್ಮ ರವೆ ಡಬ್ಬದ ಮೇಲೆ ಇಟ್ಟಿದ್ದ ಕಟ್ಟು ಇನ್ನೂ ಓದಲಿಕ್ಕೆ ಬರುತ್ತಿದೆ, ಎಣ್ಣೆ ಕಲೆ ಬಿಟ್ಟರೆ. ನಿಮ್ಮ ಯಜಮಾನರ ಟಿಕೆಟ್ಟುಗಳನ್ನೇ ನೋಡಿ. ಮೊದಲಿನ ಅಚ್ಚಿನ ಟಿಕೆಟ್ಟಿನ ಮೇಲೆ ದರ ಈಗಲೂ ಕಾಣುತ್ತದೆ. ಮೆಷಿನ್ ಬಂದ ಮೇಲಿನ ಟಿಕೆಟ್ಟು ಬರಿಯ ಬಿಳೀ ಚೀಟಿ ಆಗಿರುತ್ತದೆ, ಅದು ಶಾಖದಲ್ಲಿ ಮೂಡುವ ಅಚ್ಚು, ತಾನಾಗೇ ಮಾಸುತ್ತದೆ. ಯಾವುದೋ ಪುಸ್ತಕದಲ್ಲಿ ಖಾಲಿ ಚೀಟಿ ಸಿಕ್ಕರೆ ಎಸೆದುಬಿಡಬೇಡಿ, ಅದೂ ಅವರು ಓದು ನಿಲ್ಲಿಸಿದ ಜಾಗವೇ.

ಹಾಗಂತ ಕಾಗದಕ್ಕೆ ಅಮರತ್ವ ಇದೆ ಅಂತ ನಾನು ಹೇಳಲಾರೆ, ಅದೂ ಮೈಸೂರು ಸೀಮೆಯವರಿಗೆ. ರಾಜೀವನಗರದ ಸೈಯದ್ ಇಸಾಕ್ ಅವರದು ನೆನಪಿದೆಯಲ್ಲ? ಸ್ವತಃ ಶಾಲೆಯ ಮುಖ ನೋಡದ ಕೂಲಿಕಾರ, ಊರವರು ಓದಲಿ ಅಂತ ಬಿಟ್ಟಿ ಗ್ರಂಥಾಲಯ ನಡೆಸುತ್ತಿದ್ದರು. 2021ರ ಏಪ್ರಿಲ್ 9ರ ಬೆಳಗಿನ ಜಾವ ಬೆಂಕಿ ಬಿದ್ದು ಸುಮಾರು 11 ಸಾವಿರ ಪುಸ್ತಕ ಬೂದಿಯಾಯಿತು. ಸುದ್ದಿ ಹಬ್ಬಿದ್ದೇ ಎಲ್ಲೆಲ್ಲಿಂದಲೋ ಜನ ಪುಸ್ತಕ ಕಳಿಸಿದರು, ದುಡ್ಡು ಕೂಡಿಸಿದರು. ಮನೆಯ ಬೀರುವಿನಲ್ಲಿ ಬೀಗ ಹಾಕಿ ಇಟ್ಟ 11 ಸಾವಿರ ಪುಸ್ತಕ ಸುಟ್ಟಿದ್ದರೆ ಯಾರಾದರೂ ಒಂದು ಹಾಳೆ ಕಳಿಸುತ್ತಿದ್ದರೇ?

ಅದಕ್ಕಿಂತ ಹಳೆಯ ಕತೆ ಇನ್ನೊಂದು. ಕೌಟಿಲ್ಯನ ಅರ್ಥಶಾಸ್ತ್ರ ಅಂತ ಒಂದಿತ್ತು ಅನ್ನುವುದು ಮಾತ್ರ ಜನಕ್ಕೆ ಗೊತ್ತಿತ್ತು, ಪುಸ್ತಕ ಯಾರ ಕೈಗೂ ಸಿಕ್ಕಿರಲಿಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಅದು ತಾಳೆಗರಿಯಲ್ಲಿ, ಗ್ರಂಥ ಲಿಪಿಯಲ್ಲಿ ಸಿಕ್ಕಿತು. 1909ರಲ್ಲಿ ಅಚ್ಚಾಯಿತು. ಶಾಸ್ತ್ರಿಗಳ ಹೆಸರು ಎಲ್ಲರಿಗೂ ಗೊತ್ತು. ಆ ಕಟ್ಟನ್ನು ತಂದು ಲೈಬ್ರರಿಗೆ ಒಪ್ಪಿಸಿದವರು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು, ಅವರ ಹೆಸರು ಯಾರ ಬಾಯಲ್ಲೂ ಇಲ್ಲ. ನನಗೆ ಯಾವಾಗಲೂ ಕುತೂಹಲ ಅವರ ಬಗ್ಗೆಯೇ. ಅವರ ಮನೆಯಲ್ಲೂ ಮಗನೋ ಅಳಿಯನೋ, ಈ ಗರಿಗಳ ಧೂಳು ಯಾಕೆ ಅಂದಿದ್ದನೋ ಏನೋ! ಮನೆಯಲ್ಲೇ ಬಿಟ್ಟಿದ್ದರೆ ಇನ್ನೊಂದು ತಲೆಮಾರಿಗೆ ಗೆದ್ದಲು ಓದಿ ಮುಗಿಸುತ್ತಿತ್ತು. ಕೈ ಬಿಟ್ಟು ಕೊಟ್ಟದ್ದರಿಂದ ಉಳಿಯಿತು.

ಆದ್ದರಿಂದ ನನ್ನ ಸಲಹೆ ಹೀಗೆ. ಗುಜರಿಯವನಿಗೆ ಬೇಡ, ಎಲ್ಲವನ್ನೂ ಇಟ್ಟುಕೊಳ್ಳುವುದೂ ಬೇಡ. ಸಾವಿರದಲ್ಲಿ ಬೇರೆ ಎಲ್ಲೂ ಸಿಗದ ಪ್ರತಿಗಳು ನಿಮ್ಮ ಹತ್ತಿರ ಎಷ್ಟಿರಬಹುದು, ಐವತ್ತೋ ಅರವತ್ತೋ. ‘ಬೇರೆ ಎಲ್ಲೂ ಸಿಗದ’ ಅಂದರೆ ಅಪರೂಪದ ಪುಸ್ತಕ ಅಂತಲೇ ಆಗಬೇಕಿಲ್ಲ. ‘ಕುಸುಮಬಾಲೆ’ ಯಾವ ಒಳ್ಳೆಯ ಅಂಗಡಿಯಲ್ಲೂ ಸಿಗುತ್ತದೆ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕೃತಿ. ಆದರೆ ನಿಮ್ಮ ತಾಲ್ಲೂಕಿನದೇ ದೇವನೂರಿನವರು ನಿಮ್ಮ ಸೀಮೆಯ ಮಾತಿನಲ್ಲೇ ಬರೆದ ಆ ಪುಸ್ತಕದ ಅಂಚಿನಲ್ಲಿ, ಹೆಂಡತಿಯ ಅಜ್ಜಿ ಆಡುತ್ತಿದ್ದ ಮಾತಿನ ಅರ್ಥವನ್ನು ಒಬ್ಬ ಕಂಡಕ್ಟರ್ ಬರೆದಿಟ್ಟ ಪ್ರತಿ ಪ್ರಪಂಚದಲ್ಲಿ ಒಂದೇ. ಅದನ್ನು ಓದಿದರೆ ಬೆಂಗಳೂರಿನ ವಿದ್ವಾಂಸರಿಗೂ ನಾಲ್ಕು ಮಾತು ತಿಳಿದಾವು. ಅಂಥವು ನಿಮ್ಮವು. ಅವನ್ನು ಯಾರಿಗೂ ಕೊಡಬೇಡಿ, ನನಗೂ.

ಮಿಕ್ಕದ್ದಕ್ಕೆ ನಿಮ್ಮ ಪಂಚಾಯ್ತಿಯ ಗ್ರಂಥಾಲಯದ ಮೇಲ್ವಿಚಾರಕರ ಹತ್ತಿರ ಮಾತಾಡಿ. ‘ಅರಿವು ಕೇಂದ್ರ’ ಅಂತ ಈಗ ಬೋರ್ಡು ಬದಲಾಗಿದೆ. 2020ರಲ್ಲಿ ‘ಓದುವ ಬೆಳಕು’ ಅಂತ ಶುರುಮಾಡಿ ಹಳ್ಳಿ ಮಕ್ಕಳನ್ನು ದುಡ್ಡಿಲ್ಲದೆ ಸದಸ್ಯರನ್ನಾಗಿ ಮಾಡಿಕೊಂಡರಲ್ಲ, ಅದರಿಂದ ಮಕ್ಕಳು ಬರುವ ಕಡೆ ಚೆನ್ನಾಗಿಯೇ ಬರುತ್ತಾರೆ. ಮೂಟೆ ಹೊರಿಸಿಕೊಂಡು ಹೋಗಿ ಬಾಗಿಲಲ್ಲಿ ಇಳಿಸಬೇಡಿ. ಹಾಗೆ ಇಳಿಸಿದ ದಾನ ಮೂಲೆ ಸೇರುತ್ತದೆ, ನಾನೇ ಕಂಡಿದ್ದೇನೆ. ಶಾಲೆಯ ಹಾಜರಿ ಪುಸ್ತಕ ಬರೆದ ಕೈ ನಿಮ್ಮದು, ಒಂದು ನೋಟ್ ಬುಕ್ಕಿನಲ್ಲಿ ಪುಸ್ತಕದ ಹೆಸರು, ಬರೆದವರು, ವರ್ಷ ಅಂತ ಗೆರೆ ಹೊಡೆದು ಪಟ್ಟಿ ಮಾಡಿ, ಯಾವುದು ಬೇಕು ಅಂತ ಅವರೇ ಗುರುತು ಹಾಕಲಿ. ಅವರು ಬೇಡ ಅಂದದ್ದಕ್ಕೆ ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರ ‘ಪುಸ್ತಕ ಮನೆ’ ಇದೆ. ಅವರೂ ಒಂದು ಕಾಲಕ್ಕೆ ಬಸ್ ಕಂಡಕ್ಟರಾಗಿದ್ದವರೇ! ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು, ಸಂಬಳದ ಬಹುಪಾಲನ್ನು ಪುಸ್ತಕಕ್ಕೆ ಸುರಿದು ಲಕ್ಷಗಟ್ಟಲೆ ಕೂಡಿಹಾಕಿದ್ದಾರೆ. ಮಗ ಬಂದಾಗ ಕಾರಿನಲ್ಲಿ ಕರೆದುಕೊಂಡು ಹೋಗಿ ತೋರಿಸಿ ಅನ್ನಿ. ಅಪ್ಪನ ಸಾವಿರ ಪುಸ್ತಕ ಎಷ್ಟು ಅಚ್ಚುಕಟ್ಟಾದ ಸಂಸಾರ ಅನ್ನುವುದು ಅವನಿಗೆ ಅಲ್ಲಿ ತಿಳಿಯುತ್ತದೆ.

ಮಗನ ವಿಚಾರ ಬಂತಲ್ಲ. ಅವನು ತಪ್ಪು ಹೇಳಿದ ನಿಜ, ಕೆಟ್ಟವನಲ್ಲ. ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ ಇರುವವನಿಗೆ ವಸ್ತು ಅಂದರೆ ಭಯ. ಅಪ್ಪ ಹೋದ ಮೇಲೆ ಆ ಮೂಟೆಗಳನ್ನು ನೋಡಿದಾಗಲೆಲ್ಲ ಅವನಿಗೂ ಎದೆ ಭಾರ ಆಗುತ್ತಿರಬಹುದು, ಗಂಡುಮಕ್ಕಳು ಅದನ್ನು ‘ಧೂಳು’ ಅಂತ ಹೇಳುತ್ತಾರೆ. ವಾದ ಮಾಡಬೇಡಿ, ಕೆಲಸ ಹೇಳಿ. ಹೊಸ ಮನೆಯಲ್ಲಿ ಒಂದು ಗೋಡೆ ಕೇಳಿ, ಒಂದೇ. ಇರಚಲು ಹೊಡೆಯುವ ಗೋಡೆ ಬೇಡ, ಒಳಗೋಡೆ ಇರಲಿ. ಕಪಾಟನ್ನು ಗೋಡೆಗೆ ಅಂಟಿಸದೆ ಎರಡು ಬೆರಳು ಬಿಟ್ಟು ನಿಲ್ಲಿಸಲಿ. ಪಾಯ ತೆಗೆದಾಗಲೇ ಗೆದ್ದಲಿನ ಔಷಧಿ ಹೊಡೆಸಲಿ, ಗೋಡೆ ಎದ್ದ ಮೇಲೆ ಹೊಡೆಸಿದರೆ ಅಷ್ಟು ಹತ್ತುವುದಿಲ್ಲ. ಸಾಫ್ಟ್‌ವೇರಿನವರಿಗೆ ಇಂಥ ನಿಖರವಾದ ಕೆಲಸ ಹೇಳಿದರೆ ಖುಷಿ.

ನೀವು ಈಗಲೇ, ಈ ಪತ್ರಿಕೆ ಕೈಗೆ ಬಂದ ದಿನವೇ ಮಾಡಬೇಕಾದ್ದು ಒಂದಿದೆ. ಆ ಸಿಮೆಂಟ್ ಚೀಲಗಳ ಬಾಯಿ ಬಿಚ್ಚಿಸಿ. ಪ್ಲಾಸ್ಟಿಕ್ ಚೀಲದೊಳಗೆ ಥಂಡಿ ನಿಂತು ಬೂಷ್ಟು ಹಿಡಿಯುತ್ತದೆ, ಮಳೆಗಾಲ ಬಂದಾಯಿತು. ಕೊಟ್ಟಿಗೆಯಲ್ಲಿ ಹಲಗೆಯ ಮೇಲೆ ನೆಲದಿಂದ ಎತ್ತರಕ್ಕೆ ಇಡಿಸಿ, ರಟ್ಟಿನ ಪೆಟ್ಟಿಗೆ ಆದರೂ ಸರಿ. ನೆನೆದದ್ದಿದ್ದರೆ ನೆರಳಲ್ಲಿ ಗಾಳಿಗೆ ಆರಿಸಿ, ಹಪ್ಪಳ ಒಣಗಿಸುವ ಹಾಗೆ ಬಿಸಿಲಿಗೆ ಹಾಕಿದರೆ ಹಾಳೆ ಸುಕ್ಕಾಗಿ ಪುಡಿಯಾಗುತ್ತದೆ. ಬೇವಿನ ಸೊಪ್ಪು ಒಣಗಿಸಿ ಹಾಕಿ. ನುಸಿಗುಳಿಗೆ ಹಾಕಿದರೆ ನೀವು ಮಲಗುವ ಕೋಣೆಯಲ್ಲಿ ಬೇಡ.

ನನ್ನ ನಂತರ ನೋಡುವವರು ಯಾರು ಅಂತ ಕೇಳಿದ್ದೀರಿ. ಸಂತಾನ ವೇಣುಗೋಪಾಲಸ್ವಾಮಿಯ ಊರಿನಲ್ಲಿ ಕೂತು ಈ ಪ್ರಶ್ನೆ ಬರೆದಿದ್ದೀರಲ್ಲ ಅಂತ ಒಂದು ಗಳಿಗೆ ಸುಮ್ಮನಾದೆ. ಎಲ್ಲೆಲ್ಲಿಂದಲೋ ಜನ ಮಕ್ಕಳ ಭಾಗ್ಯ ಬೇಡಿಕೊಂಡು ನಿಮ್ಮೂರಿಗೆ ಬರುತ್ತಾರೆ. ನಿಮಗೆ ಮಗ, ಸೊಸೆ, ಮೊಮ್ಮಗಳು ಎಲ್ಲ ಇದ್ದೂ ಪುಸ್ತಕಕ್ಕೆ ವಾರಸುದಾರರು ಬೇಕಾಗಿದೆ. ಮೊಮ್ಮಗಳು ಕೂಡಿಸಿಕೊಂಡು ಓದುತ್ತಾಳೆ ಅಂದಿರಿ. ಮೂವತ್ತು ವರ್ಷ ಕೂಡಿಸಿ ಓದುವ ಮಕ್ಕಳ ಜೊತೆಯಲ್ಲೇ ಕಳೆದವರು ನೀವು, ಅದು ಕೊರತೆಯಲ್ಲ, ಹಂತ ಅಂತ ನಾನು ನಿಮಗೆ ಹೇಳಿಕೊಡಬೇಕೇ? ದಸರಾ ರಜಕ್ಕೆ ಬಂದಾಗ ಅವಳಿಗೆ ಕಾದಂಬರಿ ಕೊಡಬೇಡಿ. ತಾತ ಮೊದಲ ಪುಟದಲ್ಲಿ ಬರೆದ ತಾರೀಖು, ಬೆಲೆ, ರೂಟು ಓದಿಸಿ, ಪಟ್ಟಿಗೆ ಅವಳೇ ಬರೆದುಕೊಳ್ಳಲಿ. ಸಣ್ಣ ಅಕ್ಷರ ಓದಲಿಕ್ಕೆ ನಿಮಗೂ ಒಂದು ಎಳೆಯ ಕಣ್ಣು ಬೇಕಲ್ಲ.

ಎಲ್ಲಕ್ಕಿಂತ ನನ್ನ ಕುತೂಹಲ ಕೆರಳಿಸಿದ್ದನ್ನು ಕೊನೆಗೆ ಇಟ್ಟುಕೊಂಡೆ, ಆ ಟ್ರಂಕು. ನೀವು ಅದನ್ನು ಹೋಗಲಿ ಅನ್ನುವ ಹಾಗೆ ಒಂದೇ ಸಾಲಿನಲ್ಲಿ ಬರೆದಿದ್ದೀರಿ. 1887ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಚಿಕ್ಕ ವಯಸ್ಸಿಗೇ ಮದುವೆಯಾಗಿ, ಚಿಕ್ಕ ವಯಸ್ಸಿಗೇ ವಿಧವೆಯಾದ ತಿರುಮಲಾಂಬ ಅಂತ ಒಬ್ಬರಿದ್ದರು. ಆ ಕಾಲದಲ್ಲಿ, ಆ ಊರಿನಲ್ಲಿ ಕೂತು, ‘ಸತೀಹಿತೈಷಿಣಿ’ ಅಂತ ಗ್ರಂಥಮಾಲೆ ಕಟ್ಟಿ ಹೆಂಗಸರಿಗಾಗಿ ಪುಸ್ತಕ ಅಚ್ಚು ಹಾಕಿಸಿದರು, ‘ಸುಶೀಲೆ’ ಕಾದಂಬರಿ ಬರೆದರು, ‘ಕರ್ನಾಟಕ ನಂದಿನಿ’ ಅಂತ ಪತ್ರಿಕೆ ನಡೆಸಿದರು. ಬರೆದವರೂ ಅವರೇ, ಪ್ರಕಾಶಕರೂ ಅವರೇ, ಸಂಪಾದಕರೂ ಅವರೇ. ಆಮೇಲೆ ಬರೆಯುವುದನ್ನೇ ನಿಲ್ಲಿಸಿಬಿಟ್ಟರು. 1982ರವರೆಗೂ ಬದುಕಿದ್ದವರನ್ನು ಕನ್ನಡ ಬಹುಕಾಲ ಮರೆತಿತ್ತು. ಅವರ ಪುಸ್ತಕ ಆಗ ಮನೆಮನೆಯ ಹೆಂಗಸರ ಕೈಯಲ್ಲಿ ಓಡಾಡಿದ್ದು. ನಂಜನಗೂಡಿನ ತವರು, ಅತ್ತೆಯ ತಾಯಿಯ ಕಾಲ, ರಟ್ಟು ಕಿತ್ತ ಹಳೇ ಪುಸ್ತಕ ಅಂದರೆ ನನ್ನ ಕೈ ಸುಮ್ಮನಿರುತ್ತದೆಯೇ? ಹರಿಕತೆಯ ಪುಸ್ತಕವೋ ಪಂಚಾಂಗವೋ ಇದ್ದರೂ ಇರಬಹುದು, ಆಸೆ ಹಚ್ಚಿಕೊಳ್ಳಬೇಡಿ.

ಆದರೂ ಇವತ್ತು ಸಂಜೆ ಬೆಳಕಿರುವಾಗಲೇ ಟ್ರಂಕು ತೆಗೆಯಿರಿ. ಹಾಳೆ ಮಡಚಬೇಡಿ, ಗಮ್ ಟೇಪ್ ಹಚ್ಚಬೇಡಿ. ಒಳಪುಟದ ತಲೆಯಲ್ಲೋ ಕೊನೆಯ ಹಾಳೆಯ ಜಾಹೀರಾತಿನಲ್ಲೋ ‘ಸತೀಹಿತೈಷಿಣಿ’ ಅನ್ನುವ ಹೆಸರು ಕಂಡರೆ, ಮಗ ಕೊಟ್ಟ ಆ ಟ್ಯಾಬಿನಲ್ಲೇ ಒಂದೊಂದು ಪುಟವನ್ನೂ ಫೋಟೋ ತೆಗೆದು ಇಟ್ಟುಕೊಳ್ಳಿ. ಆಮೇಲೆ ಪುಸ್ತಕವನ್ನು ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಗೆ ತೋರಿಸಲಿಕ್ಕೆ ತನ್ನಿ. ಒಬ್ಬರೇ ಬಸ್ಸಿನಲ್ಲಿ ಬರಬೇಡಿ, ಮಗನನ್ನು ಕರೆದುಕೊಂಡು ಬನ್ನಿ. ಬರುವ ಮುಂಚೆ ನನಗೊಂದು ಕಾರ್ಡು ಹಾಕಿ, ನಾನೂ ಬರುತ್ತೇನೆ.